ರ‍್ಯಾಕಿಗೆ ಡಿಜಿಟಲ್ ಬೆಲೆ ಚೀಟಿ ಹಾಕಿಸುವುದು ಹೇಗೆ: ನಮ್ಮಂಥ ಅಂಗಡಿಗಳಿಗೊಂದು ಸಮಗ್ರ ಮಾರ್ಗದರ್ಶಿ

2025ರ ಸೆಪ್ಟೆಂಬರ್ 21, ಭಾನುವಾರ ರಾತ್ರಿ. ಮಾರನೇ ದಿನದಿಂದ ಹೊಸ ಜಿಎಸ್‌ಟಿ ದರ. ಸೋಪು, ಶಾಂಪೂ, ಟೂತ್‌ಪೇಸ್ಟ್ 18 ಪರ್ಸೆಂಟಿನಿಂದ 5ಕ್ಕೆ, ಬೆಣ್ಣೆ ತುಪ್ಪ 12ರಿಂದ 5ಕ್ಕೆ. ತುಮಕೂರಿನಲ್ಲಿ ನಮ್ಮ ಅಣ್ಣನದೊಂದು ಸೂಪರ್ ಮಾರ್ಕೆಟ್ ಇದೆ. ಹೆಸರಿಗೆ ಸೂಪರ್, ನಿಜ ಹೇಳಬೇಕೆಂದರೆ ಸ್ವಲ್ಪ ದೊಡ್ಡ ಕಿರಾಣಿ ಅಂಗಡಿ. ಷಟರ್ ಎಳೆದುಕೊಂಡು ನಾವು ಆರು ಜನ ಕತ್ತರಿ, ಸೆಲ್ಲೋಟೇಪು ಹಿಡಿದು ಒಳಗೆ ಕೂತೆವು. ಮುಗಿಯುವಾಗ ರಾತ್ರಿ ಎರಡು ಗಂಟೆ. ಅತ್ತಿಗೆ ಮೂರು ಸಲ ಕಾಫಿ ಮಾಡಿಕೊಟ್ಟಿದ್ದರು.

ಬೆಳಗ್ಗೆ ನವರಾತ್ರಿಯ ಮೊದಲ ದಿನ. ಒಬ್ಬರು ಅಜ್ಜಿ ಒಂದು ಲೀಟರ್ ನಂದಿನಿ ತುಪ್ಪ ತಂದು ಕೌಂಟರಿನಲ್ಲಿ ಇಟ್ಟರು. ಬಿಲ್ಲು ನೋಡಿ, "ಅಲ್ಲಿ 610 ಅಂತ ಬರೆದಿದ್ದೀರಿ, ಇಲ್ಲಿ 650 ಹಾಕಿದ್ದೀರಲ್ಲಪ್ಪಾ" ಅಂದರು. ಚೀಟಿ ಸರಿ ಇತ್ತು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ತುಪ್ಪದ ರೇಟು ಬದಲಾಯಿಸುವುದನ್ನೇ ಮರೆತಿದ್ದೆವು. ರಾತ್ರಿಯೆಲ್ಲಾ ಕತ್ತರಿಸಿ ಅಂಟಿಸಿದ್ದು ನೀರಲ್ಲಿ ಹೋಮ ಮಾಡಿದ ಹಾಗಾಯಿತು.

ಆಮೇಲೆ ಡಿಜಿಟಲ್ ಚೀಟಿ ಹಾಕಿಸಿದೆವು. ಅಂಗಡಿಯ ಕಂಪ್ಯೂಟರ್ ಕೆಲಸ ನಾನೇ ನೋಡಿಕೊಳ್ಳುವುದರಿಂದ ಇದೂ ನನ್ನ ತಲೆಗೇ ಬಂತು. ಹಾಕಿಸುವಾಗ ಕಲಿತಿದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಹೆಚ್ಚಿನ ಕೆಲಸ ಇರುವುದು ಚೀಟಿಯಲ್ಲಲ್ಲ, ಬಿಲ್ಲಿಂಗ್ ಕಂಪ್ಯೂಟರಿನಲ್ಲಿ. ಇದನ್ನು ಮೊದಲೇ ಯಾರಾದರೂ ನನಗೆ ಹೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಮೊದಲು, ಈ ಚೀಟಿ ಅಂದರೇನು

ಮಾರುವವರು ಇದಕ್ಕೆ ಇಎಸ್‌ಎಲ್ ಅನ್ನುತ್ತಾರೆ, ಎಲೆಕ್ಟ್ರಾನಿಕ್ ಶೆಲ್ಫ್ ಲೇಬಲ್. ಇದರ ಪರದೆ ಟಿವಿ ಥರದ್ದಲ್ಲ. ಕಿಂಡಲ್‌ನಲ್ಲಿ ಪುಸ್ತಕ ಓದುತ್ತೀರಲ್ಲ, ಆ ಇ-ಪೇಪರ್. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳೊಳಗೆ ಕಪ್ಪು ಮತ್ತು ಬಿಳಿ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ. ಒಂದು ಬಣ್ಣಕ್ಕೆ ಪಾಸಿಟಿವ್ ಚಾರ್ಜ್, ಇನ್ನೊಂದಕ್ಕೆ ನೆಗೆಟಿವ್. ಕರೆಂಟು ಕೊಟ್ಟಾಗ ಒಂದು ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಇಳಿಯುತ್ತದೆ. ಕರೆಂಟು ತೆಗೆದರೂ ಕಣಗಳು ಇದ್ದಲ್ಲೇ ಇರುತ್ತವೆ. ಅಂದರೆ ಬೆಲೆ ಬದಲಾಗುವ ಕೆಲವು ಸೆಕೆಂಡು ಮಾತ್ರ ಪರದೆಗೆ ಬ್ಯಾಟರಿ ಬೇಕು. ಸಣ್ಣ ಬಿಲ್ಲೆ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುವುದು ಇದೇ ಕಾರಣಕ್ಕೆ.

ಇದರಲ್ಲೇ ಒಂದು ಅಪಾಯವೂ ಇದೆ. ಬ್ಯಾಟರಿ ಸತ್ತರೂ ಚೀಟಿಯಲ್ಲಿ ಕೊನೆಯ ಬೆಲೆ ಹಾಗೇ ಉಳಿಯುತ್ತದೆ. ಟ್ಯೂಬ್‌ಲೈಟ್ ಕೆಟ್ಟರೆ ಗೊತ್ತಾಗುತ್ತದೆ, ಇದು ಕೆಟ್ಟರೂ ಕೆಟ್ಟ ಹಾಗೆ ಕಾಣುವುದಿಲ್ಲ. ಮೂರು ವಾರದ ಹಿಂದಿನ ಟೊಮೆಟೊ ರೇಟನ್ನು ಇವತ್ತಿನದೇ ಅನ್ನುವಷ್ಟು ಧೈರ್ಯವಾಗಿ ತೋರಿಸುತ್ತಾ ನಿಂತಿರುತ್ತದೆ. ಇದಕ್ಕೆ ಏನು ಮಾಡಬೇಕು ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಹೆಜ್ಜೆ 1: ನಿಮಗೆ ಎಷ್ಟು ಬೇಕು, ಎಲ್ಲಿ ಬೇಕು

ಸೇಲ್ಸ್‌ನವರು ಬಂದರೆ ಮೊದಲು ಹೇಳುವುದು ವಾಲ್‌ಮಾರ್ಟ್ ಕಥೆ. ಅಮೆರಿಕದ ವಾಲ್‌ಮಾರ್ಟ್ 2026ರೊಳಗೆ 2,300 ಅಂಗಡಿಗಳಿಗೆ ಡಿಜಿಟಲ್ ಚೀಟಿ ಹಾಕುತ್ತೇವೆ ಎಂದು 2024ರ ಜೂನ್‌ನಲ್ಲಿ ಹೇಳಿದ್ದು ನಿಜ. ಅಲ್ಲಿ ಒಂದೊಂದು ಅಂಗಡಿಯಲ್ಲೂ 1,20,000ಕ್ಕಿಂತ ಜಾಸ್ತಿ ಐಟಂ. ಸ್ವೀಡನ್ನಿನ ಪ್ರೈಸರ್ ಕಂಪನಿ ಶುರುವಾಗಿದ್ದೇ 1991ರಲ್ಲಿ. ಯುರೋಪಿನವರಿಗೆ ಇದೇನು ಹೊಸದಲ್ಲ.

ಆದರೆ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ. ಅಲ್ಲಿ ಸಾಮಾನ್ಯವಾಗಿ ಪ್ಯಾಕೆಟ್ಟಿನ ಮೇಲೆ ಬೆಲೆ ಇರುವುದಿಲ್ಲ, ರ‍್ಯಾಕಿನ ಚೀಟಿಯಲ್ಲಿ ಇದ್ದಿದ್ದೇ ಬೆಲೆ. ನಮ್ಮಲ್ಲಿ ಎಂಆರ್‌ಪಿ ಅಚ್ಚಾಗಿಯೇ ಬರುತ್ತದೆ. ಬಿಸ್ಕೆಟ್ ಪ್ಯಾಕೆಟ್ಟಿನ ಮೇಲೆ 10 ರೂಪಾಯಿ ಎಂದು ಇರುವಾಗ ಅದರ ಕೆಳಗೆ ಇನ್ನೊಂದು ಪರದೆ ಹಾಕಿ 10 ರೂಪಾಯಿ ಎಂದು ತೋರಿಸುವುದು ಸುಮ್ನೆ ದುಡ್ಡು ದಂಡ. ನಮ್ಮಂಥ ಅಂಗಡಿಯಲ್ಲಿ ಇದು ಬೇಕಾಗುವುದು ಬೆಲೆ ಓಡಾಡುವ ಕಡೆ: ಲೂಸ್ ಅಕ್ಕಿ, ಬೇಳೆ, ತರಕಾರಿ, ಹಣ್ಣು, ಎಣ್ಣೆ, ಹಾಲಿನ ಐಟಂಗಳು, ಆಫರ್ ರ‍್ಯಾಕು.

ಹಾಗಾಗಿ ಕೊಟೇಶನ್ ಕೇಳುವ ಮೊದಲು ಒಂದು ತಿಂಗಳು ಎಣಿಸಿ. ಬೆಲೆ ಬದಲಾದಾಗಲೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ, ಐಟಂ ಹೆಸರು ಬರೆಯಿರಿ. ನಮ್ಮಲ್ಲಿ ಚೀಟಿ ಇರುವ ಐಟಂಗಳು 1,400. ತಿಂಗಳಿಗೆ 300 ಬದಲಾವಣೆ. ಚೀಟಿ ಪ್ರಿಂಟ್ ತೆಗೆದು, ಕತ್ತರಿಸಿ, ಹಳೆಯದನ್ನು ಕಿತ್ತು, ಹೊಸದನ್ನು ಸಿಕ್ಕಿಸುವುದಕ್ಕೆ ಒಂದಕ್ಕೆ ಎರಡು ನಿಮಿಷ. ಒಟ್ಟು ಹತ್ತು ಗಂಟೆ. ಆದರೆ ಆ 300ರಲ್ಲಿ 240 ಬದಲಾವಣೆ ಬರೀ 160 ಐಟಂಗಳದ್ದು.

ಈಗ ಲೆಕ್ಕ ಹಾಕೋಣ. ಚೀಟಿ, ಕ್ಲಿಪ್ಪು, ಅದರ ಪಾಲಿನ ಉಳಿದ ಖರ್ಚು ಎಲ್ಲ ಸೇರಿ ಒಂದಕ್ಕೆ 600 ರೂಪಾಯಿ ಬೀಳುತ್ತದೆ ಅಂದುಕೊಳ್ಳಿ. ಇದು ಬರೀ ಲೆಕ್ಕಕ್ಕೆ, ನಿಮ್ಮ ಕೊಟೇಶನ್ನಿನ ಅಂಕಿ ಇಲ್ಲಿ ಹಾಕಿಕೊಳ್ಳಿ. ಎಲ್ಲ 1,400ಕ್ಕೂ ಹಾಕಿದರೆ 8,40,000. ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 14,000 ರೂಪಾಯಿ, ಉಳಿಯುವುದು ಹತ್ತು ಗಂಟೆ ಕೆಲಸ. ಬರೀ 160ಕ್ಕೆ ಹಾಕಿದರೆ 96,000, ತಿಂಗಳಿಗೆ 1,600. ಉಳಿಯುವುದು ಎಂಟು ಗಂಟೆ. ಅಣ್ಣನಿಗೆ ಈ ಎರಡು ಸಾಲು ತೋರಿಸಿದೆ. ಮುಂದೆ ಮಾತೇ ಬೇಕಾಗಲಿಲ್ಲ.

ಕೊನೆಗೆ ನಾವು ಹಾಕಿದ್ದು ಹೀಗೆ: ಲೂಸ್ ಕಾಳು ಬೇಳೆಗೆ 38, ತರಕಾರಿ ಹಣ್ಣಿಗೆ 46, ಫ್ರಿಜ್ಜು ಫ್ರೀಜರ್‌ಗೆ 20, ಎಣ್ಣೆ ತುಪ್ಪಕ್ಕೆ 16, ಆಫರ್ ರ‍್ಯಾಕಿಗೆ 40. ಬಿಸ್ಕೆಟ್, ಸೋಪಿನ ಸಾಲಿಗೆ ಇವತ್ತಿಗೂ ಕಾಗದದ ಚೀಟಿಯೇ.

ಹೆಜ್ಜೆ 2: ಬಿಲ್ಲಿಂಗ್ ಕಂಪ್ಯೂಟರ್ ಗುಡಿಸಿ ಸಾರಿಸಿ

ಚೀಟಿಗೆ ತನ್ನದೇ ಬುದ್ಧಿ ಇಲ್ಲ. ಐಟಂ ಪಟ್ಟಿಯಲ್ಲಿ ಏನಿದೆಯೋ ಅದನ್ನೇ ತೋರಿಸುತ್ತದೆ. ಕಾಗದದ ಚೀಟಿ ಬರೆಯುವಾಗ ಹುಡುಗರು ತಪ್ಪನ್ನು ತಾವೇ ತಿದ್ದಿಕೊಂಡು ಬರೆಯುತ್ತಿದ್ದರು. ಇನ್ನು ಮುಂದೆ ಆ ತಪ್ಪುಗಳೆಲ್ಲ ಗಿರಾಕಿಯ ಕಣ್ಣಿಗೇ ಬೀಳುತ್ತವೆ.

ನಮ್ಮ ಪಟ್ಟಿ ತೆಗೆದು ನೋಡಿದಾಗ ತೊಗರಿಬೇಳೆ ನಾಲ್ಕು ಹೆಸರಿನಲ್ಲಿ ಇತ್ತು. ತೂರ್ ದಾಲ್, ಟೂರ್ ದಾಲ್ ಲೂಸ್, ತೊಗರಿ ನಂ. 1, ಇನ್ನೊಂದು ಬರೀ "ಬೇಳೆ". ಕೌಂಟರಿನಲ್ಲಿ ಕೂತವರು ತಮಗೆ ಅಭ್ಯಾಸ ಇದ್ದದ್ದನ್ನು ಒತ್ತುತ್ತಿದ್ದರು. ನಾಲ್ಕಕ್ಕೂ ನಾಲ್ಕು ರೇಟು!

ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಆಮೇಲೆ ಈ ಕೆಲಸ ಮಾಡಿ.

- ಒಂದೇ ಐಟಂ ಎರಡು ಮೂರು ಹೆಸರಿನಲ್ಲಿ ಇದ್ದರೆ ಒಂದನ್ನು ಇಟ್ಟುಕೊಂಡು ಉಳಿದವನ್ನು ಮುಚ್ಚಿ. ಅಳಿಸಬೇಡಿ, ಹಳೆ ಬಿಲ್ಲುಗಳ ಲೆಕ್ಕ ತಪ್ಪುತ್ತದೆ.
- ಪ್ಯಾಕೆಟ್ ಐಟಂಗಳಿಗೆ ಬಾರ್‌ಕೋಡ್ ಸರಿಯಾಗಿದೆಯಾ ನೋಡಿ. ಸಾಮಾನ್ಯವಾಗಿ 13 ಅಂಕಿ ಇರುತ್ತದೆ. ಎಕ್ಸೆಲ್ ತಾನಾಗಿಯೇ ಕೊನೆಯ ಅಂಕಿಗಳನ್ನು ತಿಂದು ಹಾಕುವುದುಂಟು, ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ.
- ಲೂಸ್ ಐಟಂಗಳಿಗೆ ನಿಮ್ಮದೇ ಕೋಡ್ ಕೊಡಿ. ತೂಕದ ಮಷಿನ್ನಿನಲ್ಲಿರುವ ಕೋಡೇ ಇದ್ದರೆ ಒಳ್ಳೆಯದು.
- ಚೀಟಿಯಲ್ಲಿ ಬರಬೇಕಾದ ಕನ್ನಡ ಹೆಸರಿಗೆ ಬೇರೆ ಒಂದು ಕಾಲಂ ಮಾಡಿ. ಬಿಲ್ಲಿನ ಹೆಸರು ಚಿಕ್ಕದಾಗಿರಲಿ, ಚೀಟಿಯ ಹೆಸರು ಜನ ಕರೆಯುವ ಹಾಗಿರಲಿ.

ನಮಗೆ ಇದಕ್ಕೆ ಹನ್ನೊಂದು ದಿನ ಹಿಡಿಯಿತು. ಚೀಟಿ ಹಾಕಲು ಹಿಡಿದದ್ದು ಒಂದೇ ಮಧ್ಯಾಹ್ನ.

ಹೆಜ್ಜೆ 3: ಎರಡು ಎಂಆರ್‌ಪಿ ಗೋಜಲು ಬಿಡಿಸಿಕೊಳ್ಳಿ

ವಿದೇಶದ ಕೈಪಿಡಿಗಳಲ್ಲಿ ಈ ಪಾಠ ಸಿಗುವುದಿಲ್ಲ, ಯಾಕೆಂದರೆ ಅವರಿಗೆ ಈ ತಲೆನೋವೇ ಇಲ್ಲ.

ತುಪ್ಪವನ್ನೇ ತಗೊಳ್ಳಿ. ಸೆಪ್ಟೆಂಬರಿನಲ್ಲಿ 650ರಿಂದ 610ಕ್ಕೆ ಇಳಿಯಿತು. ನವೆಂಬರಿನಲ್ಲಿ 700 ಆಯಿತು. ಇಳಿದಾಗ ತೊಂದರೆ ಕಮ್ಮಿ. ಪ್ಯಾಕೆಟ್ಟಿನ ಮೇಲೆ 650 ಇದ್ದರೂ 610ಕ್ಕೆ ಕೊಡಬಹುದು, ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ ತಾನೇ. ಏರಿದಾಗ ನೋಡಿ ಮಜಾ. ರ‍್ಯಾಕಿನಲ್ಲಿ 610 ಅಚ್ಚಾದ ಹಳೆ ಪ್ಯಾಕೆಟ್ಟು ಹತ್ತು, 700ರ ಹೊಸದು ಇಪ್ಪತ್ತು. ಎರಡಕ್ಕೂ ಬಾರ್‌ಕೋಡ್ ಒಂದೇ. ಚೀಟಿ 700 ತೋರಿಸಿತು, ಕೌಂಟರಿನಲ್ಲೂ 700 ಬಿತ್ತು, ಗಿರಾಕಿಯ ಕೈಯಲ್ಲಿರುವ ಪ್ಯಾಕೆಟ್ಟಿನಲ್ಲಿ 610. ಅಚ್ಚಾದ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳುವುದು 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಪ್ಪು. ತೂಕ ಅಳತೆ ಇಲಾಖೆಯವರು ಬಂದರೆ "ಕಂಪ್ಯೂಟರ್ ಹಾಗೆ ಹೇಳಿತು" ಎಂದರೆ ಕೇಳುವುದಿಲ್ಲ.

ನಾವು ಮೂರು ಕಟ್ಟುಪಾಡು ಮಾಡಿಕೊಂಡೆವು. ಬಿಲ್ಲಿಂಗ್‌ನಲ್ಲಿ ಒಂದೇ ಬಾರ್‌ಕೋಡಿಗೆ ಎರಡು ಎಂಆರ್‌ಪಿ ಇದ್ದರೆ ಸ್ಕ್ಯಾನ್ ಮಾಡಿದ ಕೂಡಲೇ ಯಾವುದು ಎಂದು ಕೇಳಬೇಕು. ಈ ಸೌಲಭ್ಯ ಇಲ್ಲದ ಸಾಫ್ಟ್‌ವೇರ್ ಇದ್ದರೆ ಡಿಜಿಟಲ್ ಚೀಟಿಯ ಯೋಚನೆಯನ್ನೇ ಸದ್ಯಕ್ಕೆ ಬಿಡಿ. ಹಳೆ ಸ್ಟಾಕು ಮುಗಿಯುವ ತನಕ ಹೊಸದನ್ನು ಗೋಡೌನಿನಿಂದ ಹೊರಗೆ ತರಬಾರದು. ಕೊನೆಯ ಹಳೆ ಪ್ಯಾಕೆಟ್ಟು ರ‍್ಯಾಕಿನಿಂದ ಹೋದ ಮೇಲೆಯೇ ಚೀಟಿಗೆ ಹೊಸ ಬೆಲೆ. ಅಕಸ್ಮಾತ್ ಎರಡೂ ಬೆರೆತಿದ್ದರೆ ಚೀಟಿಯಲ್ಲಿ ಎರಡೂ ಬೆಲೆ ತೋರಿಸುವ ಇನ್ನೊಂದು ಡಿಸೈನ್ ಮಾಡಿಟ್ಟುಕೊಂಡಿದ್ದೇವೆ: "ಹಳೆ ಪ್ಯಾಕ್ 610, ಹೊಸ ಪ್ಯಾಕ್ 700". ಜನ ಹಳೆಯದನ್ನೇ ಹುಡುಕಿ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಲಿ ಬಿಡಿ, ಬೇಗ ಖಾಲಿ ಆಗುತ್ತದೆ.

ಹೆಜ್ಜೆ 4: ಸೈಜು, ಬಣ್ಣ, ಫ್ರೀಜರ್

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು 1.54, 2.13, 2.9, 4.2 ಇಂಚಿನವು. 2.13 ಇಂಚಿನದರಲ್ಲಿ ಮಾಮೂಲಾಗಿ 250 ಅಡ್ಡ, 122 ಉದ್ದ ಚುಕ್ಕೆಗಳು. ಇಂಗ್ಲಿಷಿಗೆ ಇದು ಸಾಕು. ಕನ್ನಡಕ್ಕೆ ಸಾಲದು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬೇಕು, ಮೇಲೆ ಗುಡಿಸು ಬೇಕು, ಒಂದು ಸಾಲಿಗೇ ಎತ್ತರ ಜಾಸ್ತಿ. "ಸೋನಾ ಮಸೂರಿ ಅಕ್ಕಿ, ಹಳೆಯದು" ಎಂದು ಎರಡು ಸಾಲು ಬಂದರೆ ಬೆಲೆಗೆ ಜಾಗವೇ ಉಳಿಯುವುದಿಲ್ಲ. 2.9 ಇಂಚಿನದು 296 ಅಡ್ಡ, 128 ಉದ್ದ. ಎತ್ತರ ಹೆಚ್ಚು ಬದಲಾಗಲ್ಲ, ಆದರೆ ಅಗಲ ಇರುವುದರಿಂದ ಹೆಸರು ಒಂದೇ ಸಾಲಿನಲ್ಲಿ ಕೂರುತ್ತದೆ. ಕಾಳು ಬೇಳೆಗೆ ಅದನ್ನೇ ತೆಗೆದುಕೊಂಡೆವು. ತರಕಾರಿಗೆ 4.2 ಇಂಚು, ದೂರದಿಂದ ಕಾಣಬೇಕು, ಬುಟ್ಟಿಯ ಹಿಂದೆ ಕಡ್ಡಿಗೆ ಸಿಕ್ಕಿಸುತ್ತೇವೆ.

ಬಣ್ಣದ ವಿಷಯ. ಬರೀ ಕಪ್ಪು ಬಿಳುಪಿನದು ಎರಡು ಮೂರು ಸೆಕೆಂಡಿನಲ್ಲಿ ಬದಲಾಗುತ್ತದೆ. ಕೆಂಪು ಸೇರಿದರೆ ಹದಿನೈದು ಸೆಕೆಂಡಿನ ಆಸುಪಾಸು. ಅಷ್ಟು ಹೊತ್ತು ಪರದೆ ಕಪ್ಪು, ಬಿಳಿ, ಕೆಂಪು ಎಂದು ಮಿಣುಕಾಡುತ್ತದೆ, ಏನೋ ಕೆಟ್ಟುಹೋಯಿತು ಅನ್ನಿಸುವ ಹಾಗೆ. ಮೊದಲ ದಿನ ಇಡೀ ಸಾಲು ಒಟ್ಟಿಗೆ ಮಿಣುಕಿದಾಗ ತರಕಾರಿಗೆ ಬಂದಿದ್ದ ಒಂದು ಮಗು ಚಪ್ಪಾಳೆ ಹೊಡೆಯಿತು, ಅದರ ಅಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಆಫರ್ ರ‍್ಯಾಕಿಗೆ ಮಾತ್ರ ಕೆಂಪು ಇರುವುದು ಸಾಕು.

ಫ್ರೀಜರ್‌ಗೆ ಮಾಮೂಲಿ ಚೀಟಿ ಹಾಕಬೇಡಿ. ಮಾಮೂಲಿ ಇ-ಪೇಪರ್ ಸೊನ್ನೆ ಡಿಗ್ರಿಗಿಂತ ಕೆಳಗೆ ಸರಿಯಾಗಿ ಬದಲಾಗುವುದಿಲ್ಲ, ಅರ್ಧಂಬರ್ಧ ಅಳಿಸಿ ನಿಲ್ಲುತ್ತದೆ. ಮೈನಸ್ 25 ಡಿಗ್ರಿಯವರೆಗೆ ತಡೆಯುವ ಫ್ರೀಜರ್ ಮಾದರಿ ಬೇರೆಯೇ ಬರುತ್ತದೆ. ಅದಕ್ಕೆ ಹೆಚ್ಚು ದುಡ್ಡು ಕೊಡುವುದು ಬೇಡ ಅಂದರೆ ಚೀಟಿಯನ್ನು ಫ್ರೀಜರ್‌ನ ಹೊರಗಿನ ಅಂಚಿಗೆ ಹಾಕಿ. ನಾವು ಮಾಡಿದ್ದು ಅದೇ.

ಹೆಜ್ಜೆ 5: ಗೇಟ್‌ವೇ ಎಲ್ಲಿ ಕೂರಿಸುವುದು

ಚೀಟಿಗಳ ಜೊತೆ ಮಾತಾಡುವ ಡಬ್ಬಿಗೆ ಗೇಟ್‌ವೇ ಅನ್ನುತ್ತಾರೆ. ನೋಡಲು ವೈಫೈ ರೂಟರ್ ಥರ. ಕಂಪ್ಯೂಟರಿನಿಂದ ಬೆಲೆ ಇದಕ್ಕೆ ಬರುತ್ತದೆ, ಇದು ರೇಡಿಯೋದಲ್ಲಿ ಚೀಟಿಗಳಿಗೆ ಕಳಿಸುತ್ತದೆ. ಹೆಚ್ಚಿನವು 2.4 ಗಿಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತವೆ. 2023ರ ಫೆಬ್ರವರಿಯಲ್ಲಿ ಬಂದ ಬ್ಲೂಟೂತ್ 5.4ರಲ್ಲಿ ಇಂಥ ಚೀಟಿಗಳಿಗೆಂದೇ ಒಂದು ವಿಧಾನ ಸೇರಿಸಿದರು. ಕಾಗದದ ಮೇಲೆ ಒಂದು ಗೇಟ್‌ವೇ 32,640 ಚೀಟಿಗಳನ್ನು ನೋಡಿಕೊಳ್ಳಬಹುದು. ಈ ಗುಣಮಟ್ಟ ಪಾಲಿಸುವ ಚೀಟಿ ಆದರೆ ನಾಳೆ ಒಂದು ಕಂಪನಿ ಮುಚ್ಚಿಹೋದರೂ ಇನ್ನೊಬ್ಬರ ಗೇಟ್‌ವೇ ಜೊತೆ ಹೊಂದುವ ಸಾಧ್ಯತೆ ಇರುತ್ತದೆ. ಕೊಟೇಶನ್ನಿನಲ್ಲಿ ಇದನ್ನು ಬರೆಸಿಕೊಳ್ಳಿ.

ನಮ್ಮಂಥವರಿಗೆ ಚೀಟಿಗಳ ಸಂಖ್ಯೆ ಸಮಸ್ಯೆಯೇ ಅಲ್ಲ. ಸಮಸ್ಯೆ ಕಬ್ಬಿಣ. ರ‍್ಯಾಕು ಕಬ್ಬಿಣ, ಫ್ರಿಜ್ಜಿನ ಮೈ ಕಬ್ಬಿಣ, ಎಣ್ಣೆ ಟಿನ್ನು ಕೂಡ. ರೇಡಿಯೋ ಅದರ ಹಿಂದೆ ಹೋಗಲು ಒದ್ದಾಡುತ್ತದೆ. ಗೇಟ್‌ವೇಯನ್ನು ಕೌಂಟರಿನ ಕೆಳಗೆ ಇಡಬೇಡಿ, ಸೀಲಿಂಗಿಗೆ ಹಾಕಿ, ಅಂಗಡಿಯ ನಡುಮಧ್ಯ. ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಒಂದೇ ಕೇಬಲ್ಲಿನಲ್ಲಿ ಹೋಗುವ ಪಿಒಇ ಮಾದರಿ ತೆಗೆದುಕೊಂಡರೆ ಮೇಲೆ ಪ್ಲಗ್ ಪಾಯಿಂಟ್ ಹಾಕಿಸುವ ಕೆಲಸ ಉಳಿಯುತ್ತದೆ.

ಮೊಳೆ ಹೊಡೆಯುವ ಮೊದಲು ಪರೀಕ್ಷೆ ಮಾಡಿ. ಗೇಟ್‌ವೇಯನ್ನು ಏಣಿಯ ಮೇಲೆ ಇಟ್ಟು, ಹತ್ತು ಚೀಟಿಗಳನ್ನು ಅಂಗಡಿಯ ಅತಿ ಕೆಟ್ಟ ಮೂಲೆಗಳಲ್ಲಿ ಇಡಿ. ಫ್ರಿಜ್ಜಿನ ಹಿಂದೆ, ಕೆಳಗಿನ ಸಾಲಿನಲ್ಲಿ, ಗೋಡೌನ್ ಬಾಗಿಲ ಹತ್ತಿರ. ಸಂಜೆ ಏಳರ ಹೊತ್ತಿಗೆ, ಅಂಗಡಿ ತುಂಬಿ ಎಲ್ಲರ ಮೊಬೈಲ್ ಆನ್ ಇರುವಾಗ ಕಳಿಸಿ ನೋಡಿ. ಬೆಳಗ್ಗೆ ಖಾಲಿ ಅಂಗಡಿಯಲ್ಲಿ ಎಲ್ಲವೂ ಚೆನ್ನಾಗೇ ನಡೆಯುತ್ತದೆ.

ಗೇಟ್‌ವೇಗೆ, ರೂಟರಿಗೆ ಯುಪಿಎಸ್ ಇರಲಿ. ಕರೆಂಟು ಹೋದರೆ ಚೀಟಿಗೇನೂ ಆಗುವುದಿಲ್ಲ, ಆದರೆ ಆ ಹೊತ್ತಿನಲ್ಲಿ ಮಾಡಿದ ಬದಲಾವಣೆ ತಲುಪುವುದಿಲ್ಲ. ಹೊರದೇಶದಿಂದ ನೇರವಾಗಿ ತರಿಸುವವರು ಕೇಂದ್ರ ಸರ್ಕಾರದ ರೇಡಿಯೋ ಪರವಾನಗಿ ವಿಭಾಗ ಡಬ್ಲ್ಯುಪಿಸಿ ಕೊಡುವ ಇಟಿಎ (ಉಪಕರಣದ ಅನುಮೋದನೆ) ಪ್ರಮಾಣಪತ್ರ ಇದೆಯಾ ಎಂದು ಕೇಳಿ. ರೇಡಿಯೋ ಇರುವ ಸಾಮಾನಿಗೆ ಅದು ಬೇಕು.

ಹೆಜ್ಜೆ 6: ಚೀಟಿಯ ಡಿಸೈನ್, ಕನ್ನಡದ ಒತ್ತು

ನಮಗೆ ಮೊದಲು ತೋರಿಸಿದ ಡೆಮೊದಲ್ಲಿ "ಸಕ್ಕರೆ" ಅನ್ನುವುದು "ಸಕ್‌ಕರೆ" ಎಂದು ಬಂತು. "ಅಕ್ಕಿ" ಕೂಡ "ಅಕ್‌ಕಿ". ತೋರಿಸಿದವರಿಗೆ ಕನ್ನಡ ಬರುತ್ತಿರಲಿಲ್ಲ, "ಸರಿ ಇದೆಯಲ್ಲ ಸಾರ್" ಅಂದರು.

ಕಾರಣ ಸರಳ. ಕಂಪ್ಯೂಟರಿನಲ್ಲಿ "ಕ್ಕ" ಅನ್ನುವುದು ಮೂರು ತುಂಡು: ಕ, ಹಲಂತದ ಗುರುತು, ಮತ್ತೆ ಕ. ಮೂರನ್ನೂ ಸೇರಿಸಿ ಒತ್ತಕ್ಷರ ಮಾಡುವುದಕ್ಕೆ ಒಂದು ಲೆಕ್ಕಾಚಾರ ಬೇಕು. ಫೋನಿನಲ್ಲಿ, ಬ್ರೌಸರಿನಲ್ಲಿ ಅದು ತಾನಾಗಿ ನಡೆಯುತ್ತದೆ. ಚೀಟಿಯೊಳಗಿನ ಪುಟಾಣಿ ಚಿಪ್ಪಿಗೆ ಅದು ಗೊತ್ತಿಲ್ಲ. ಹಾಗಾಗಿ ಅಕ್ಷರಗಳನ್ನು ಚೀಟಿಗೆ ಕಳಿಸಬಾರದು. ಸರ್ವರಿನಲ್ಲೇ ಪೂರ್ತಿ ಚೀಟಿಯನ್ನು ಚಿತ್ರವಾಗಿ ಬರೆದು ಆ ಚಿತ್ರ ಕಳಿಸಬೇಕು. ಮಾರುವವರಿಗೆ ಕೇಳಬೇಕಾದ ಪ್ರಶ್ನೆ ಇಷ್ಟೇ: "ಟೆಂಪ್ಲೇಟನ್ನು ಚಿತ್ರ ಮಾಡಿ ಕಳಿಸುತ್ತೀರಾ, ಅಕ್ಷರ ಕಳಿಸುತ್ತೀರಾ?" ಆಮೇಲೆ ಅವರೆದುರಿಗೇ ಈ ಹೆಸರುಗಳನ್ನು ಹಾಕಿಸಿ ನೋಡಿ: ಸಕ್ಕರೆ, ದ್ರಾಕ್ಷಿ, ಕೊತ್ತಂಬರಿ, ಬರ್ಫಿ, ಮೆಂತ್ಯ. ಐದೂ ಸರಿ ಬಂದರೆ ಉಳಿದದ್ದೂ ಬರುತ್ತದೆ. ರೂಪಾಯಿ ಗುರುತನ್ನೂ ನೋಡಿ. ನಮ್ಮ ₹ ಗುರುತು ಬಂದದ್ದು 2010ರಲ್ಲಿ. ಹಳೆ ಫಾಂಟುಗಳಲ್ಲಿ ಅದರ ಬದಲು ಒಂದು ಖಾಲಿ ಚೌಕ ಬಂದು ಕೂರುತ್ತದೆ.

ಫಾಂಟಿಗೆ ನಾವು ಬಳಸುವುದು ನೋಟೋ ಸ್ಯಾನ್ಸ್ ಕನ್ನಡ, ದಪ್ಪದ್ದು. ಉಚಿತವಾಗಿ ಸಿಗುತ್ತದೆ. ಅಕ್ಷರದ ಅಂಚನ್ನು ನಯ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ. ಈ ಪರದೆಗೆ ಬೂದು ಬಣ್ಣ ಗೊತ್ತಿಲ್ಲ, ನಯ ಮಾಡಲು ಹೋಗಿ ಒತ್ತಿನ ಸುತ್ತ ಸೊಳ್ಳೆ ಕೂತ ಹಾಗೆ ಚುಕ್ಕೆ ಬೀಳುತ್ತವೆ. ಕೆಂಪಿನಲ್ಲಿ ಸಣ್ಣ ಅಕ್ಷರ ಬರೆಯಬೇಡಿ, ಓದಲಾಗದು. ಕೆಂಪು ಪಟ್ಟಿಯ ಮೇಲೆ ಬಿಳಿ ದಪ್ಪ ಅಕ್ಷರ ಚೆನ್ನಾಗಿ ಕಾಣುತ್ತದೆ.

ಚೀಟಿಯಲ್ಲಿ ಏನೇನಿರಬೇಕು? ಬೆಲೆ, ಎಲ್ಲಕ್ಕಿಂತ ದೊಡ್ಡದಾಗಿ. ಕನ್ನಡದಲ್ಲಿ ಹೆಸರು, ಕೆಳಗೆ ಚಿಕ್ಕದಾಗಿ ಇಂಗ್ಲಿಷ್. ಕೆಜಿಗೋ ಕಾಲು ಕೆಜಿಗೋ ಅನ್ನುವುದು ಬೆಲೆಯ ಪಕ್ಕದಲ್ಲೇ, ಇದರ ಬಗ್ಗೆಯೇ ಜಾಸ್ತಿ ಜಗಳ ಆಗುವುದು. ಪ್ಯಾಕೆಟ್ ಐಟಂ ಆದರೆ ಎಂಆರ್‌ಪಿ ಮತ್ತು ನಮ್ಮ ಬೆಲೆ ಎರಡೂ. ಜೊತೆಗೆ ಮೂಲೆಯಲ್ಲಿ ಇರುವೆ ಸೈಜಿನಲ್ಲಿ ತಾರೀಖು: "12/11". ಕಳಿಸಿದ ದಿನ ಅದು. ಮೊದಲೇ ಹೇಳಿದ ಅಪಾಯಕ್ಕೆ ಇದೇ ಔಷಧಿ. ತರಕಾರಿ ಸಾಲಿನಲ್ಲಿ ನಡೆದುಹೋಗುವಾಗ ಯಾವುದೋ ಒಂದರಲ್ಲಿ ಮೊನ್ನೆಯ ತಾರೀಖು ಕಂಡರೆ ಆ ಚೀಟಿ ಮಲಗಿದೆ ಎಂದು ಅರ್ಥ. ಗಿರಾಕಿಗೆ ಅದು ಕಾಣಿಸುವುದೇ ಇಲ್ಲ, ನಮ್ಮ ಹುಡುಗರಿಗೆ ದೂರದಿಂದಲೇ ಕಾಣುತ್ತದೆ.

ಹೆಜ್ಜೆ 7: ಐಟಂಗೂ ಚೀಟಿಗೂ ಗಂಟು ಹಾಕುವುದು

ಪ್ರತಿ ಚೀಟಿಯ ಮೇಲೂ ಅದರದೇ ಬಾರ್‌ಕೋಡ್ ಇರುತ್ತದೆ. ಆ್ಯಪ್‌ನಲ್ಲಿ ಮೊದಲು ಐಟಂ ಬಾರ್‌ಕೋಡ್, ಆಮೇಲೆ ಚೀಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಎರಡಕ್ಕೂ ಗಂಟು ಬಿತ್ತು. ಇಬ್ಬರು ಸೇರಿ ಮಾಡಿ. ಒಬ್ಬರು ಸ್ಕ್ಯಾನ್ ಮಾಡಲಿ, ಇನ್ನೊಬ್ಬರು ಚೀಟಿಯನ್ನು ತಕ್ಷಣ ರ‍್ಯಾಕಿಗೆ ಸಿಕ್ಕಿಸಲಿ. ಮೇಜಿನ ಮೇಲೆ ಎಲ್ಲಕ್ಕೂ ಗಂಟು ಹಾಕಿ ಆಮೇಲೆ ಹಂಚೋಣ ಎಂದು ಹೋದರೆ ಹೆಸರುಬೇಳೆಯ ಚೀಟಿ ಉದ್ದಿನಬೇಳೆಯ ಕೆಳಗೆ ಹೋಗಿ ಕೂತಿರುತ್ತದೆ.

ಲೂಸ್ ಐಟಂಗೆ ಸ್ಕ್ಯಾನ್ ಮಾಡಲು ಪ್ಯಾಕೆಟ್ಟೇ ಇಲ್ಲವಲ್ಲ? ನಮ್ಮದೇ ಕೋಡುಗಳ ಬಾರ್‌ಕೋಡನ್ನು ಎರಡು ಹಾಳೆಯಲ್ಲಿ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿದೆವು. ಕಾಳಿಗೊಂದು ಹಾಳೆ, ತರಕಾರಿಗೊಂದು. ನುಗ್ಗೆಕಾಯಿ ಬಂದ ದಿನ ಹಾಳೆಯಲ್ಲಿ ನುಗ್ಗೆಯ ಕೋಡ್ ಸ್ಕ್ಯಾನ್, ಖಾಲಿ ಇರುವ ಚೀಟಿಯ ಸ್ಕ್ಯಾನ್, ಅಷ್ಟೇ.

ಪೂರ್ತಿ ಹಾಕಿದ ಮೇಲೆ ಒಂದು ಸುತ್ತು ಪರೀಕ್ಷೆ ಮಾಡಲೇಬೇಕು. ಒಬ್ಬರು ಬುಟ್ಟಿ ಹಿಡಿದು ಪ್ರತಿ ಸಾಲಿನಿಂದ ಮೂರು ಐಟಂ ತೆಗೆದುಕೊಂಡು, ಚೀಟಿಯ ಬೆಲೆ ಬರೆದುಕೊಂಡು ಕೌಂಟರಿಗೆ ಬರಲಿ. ಬಿಲ್ಲು ಹೊಡೆದು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಒಂದು ತಪ್ಪಿದರೂ ಕಾರಣ ಗೊತ್ತಾಗುವ ತನಕ ಮುಂದೆ ಹೋಗಬೇಡಿ.

ಹೆಜ್ಜೆ 8: ಯಾವುದು ಮೊದಲು, ಚೀಟಿಯೋ ಬಿಲ್ಲೋ

ಇದನ್ನು ಕೌಂಟರಿನ ಗೋಡೆಗೆ ಬರೆದು ಅಂಟಿಸಿದ್ದೇವೆ. ಬೆಲೆ ಇಳಿಸುವುದಾದರೆ ಬಿಲ್ಲಿನಲ್ಲಿ ಮೊದಲು, ಚೀಟಿಯಲ್ಲಿ ಆಮೇಲೆ. ಏರಿಸುವುದಾದರೆ ಚೀಟಿ ಮೊದಲು, ಬಿಲ್ಲು ಆಮೇಲೆ.

ಹೀಗೆ ಮಾಡಿದರೆ ನಡುವೆ ಏನೇ ಎಡವಟ್ಟಾದರೂ ಗಿರಾಕಿಗೆ ಚೀಟಿಗಿಂತ ಜಾಸ್ತಿ ಬೀಳುವುದಿಲ್ಲ. ಅಂಗಡಿಯವರು ತಾವೇ ಪ್ರದರ್ಶಿಸಿದ ಬೆಲೆಪಟ್ಟಿಗಿಂತ ಜಾಸ್ತಿ ತೆಗೆದುಕೊಂಡರೆ ಗ್ರಾಹಕರು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ಸಹಾಯವಾಣಿ 1915ಕ್ಕೆ ಒಂದು ಫೋನು ಸಾಕು.

ಇನ್ನೊಂದು. ಅಂಗಡಿ ತೆರೆದಿರುವಾಗ ಬೆಲೆ ಏರಿಸಬೇಡಿ. ಗಿರಾಕಿ 40 ರೂಪಾಯಿ ನೋಡಿ ಟೊಮೆಟೊ ಚೀಲಕ್ಕೆ ತುಂಬಿ, ಸಾಲಿನಲ್ಲಿ ನಿಂತು ಕೌಂಟರಿಗೆ ಬರುವಷ್ಟರಲ್ಲಿ 48 ಆಗಿದ್ದರೆ ಏನನ್ನಿಸುತ್ತದೆ? ಒತ್ತಿದರೆ ಬದಲಾಗುತ್ತದೆ ಎಂದು ಒತ್ತುತ್ತಾ ಕೂರಬಾರದು. ಅಮೆರಿಕದಲ್ಲಿ ಇದೇ ಭಯಕ್ಕೆ 2024ರಲ್ಲಿ ಇಬ್ಬರು ಸೆನೆಟರುಗಳು ಒಂದು ದೊಡ್ಡ ದಿನಸಿ ಸರಣಿಗೆ ಪತ್ರ ಬರೆದು ಕೇಳಿದ್ದರು. ನಮ್ಮಲ್ಲಿ ಏರಿಕೆ ಎಲ್ಲ ರಾತ್ರಿ ಷಟರ್ ಎಳೆದ ಮೇಲೆ, ಇಲ್ಲವೇ ಬೆಳಗ್ಗೆ ತೆರೆಯುವ ಮೊದಲು. ಇಳಿಕೆ ಯಾವಾಗ ಬೇಕಾದರೂ. ಸಂಜೆ ಎಂಟಕ್ಕೆ ಸೊಪ್ಪು ಬಾಡುತ್ತಾ ಬಂದಾಗ ಕೌಂಟರಿನಿಂದಲೇ ಕಟ್ಟಿಗೆ ಐದು ರೂಪಾಯಿ ಇಳಿಸುತ್ತೇವೆ. ಈ ಚೀಟಿಯಿಂದ ನಮಗೆ ಆದ ನಿಜವಾದ ಲಾಭ ಇದೇ. ಮೊದಲು ಆ ಸೊಪ್ಪು ಹಸುವಿಗೆ ಹೋಗುತ್ತಿತ್ತು.

ಹೆಜ್ಜೆ 9: ದಿನಚರಿ

ಬೆಳಗ್ಗೆ ಮಂಡಿಯಿಂದ ತರಕಾರಿ ಬಂದ ಕೂಡಲೇ, ಅಂಗಡಿ ತೆರೆಯುವ ಮೊದಲು, ಅತ್ತಿಗೆ ಫೋನಿನಲ್ಲೇ ರೇಟು ಹಾಕುತ್ತಾರೆ. ಹತ್ತು ನಿಮಿಷ ಬಿಟ್ಟು ಸಾಫ್ಟ್‌ವೇರಿನಲ್ಲಿ "ತಲುಪಿಲ್ಲ" ಅನ್ನುವ ಪಟ್ಟಿ ನೋಡಬೇಕು. ಪ್ರತಿ ಚೀಟಿಯೂ ಬೆಲೆ ಸಿಕ್ಕಿತು ಎಂದು ಗೇಟ್‌ವೇಗೆ ಉತ್ತರ ಕೊಡುತ್ತದೆ. ಕೊಡದಿದ್ದವು ಈ ಪಟ್ಟಿಯಲ್ಲಿ ಬರುತ್ತವೆ. ಇಂಥ ಪಟ್ಟಿಯೇ ಇಲ್ಲದ ಸಿಸ್ಟಮ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಪಟ್ಟಿಯಲ್ಲಿರುವ ಚೀಟಿಯನ್ನು ಮೊದಲು ಕಿತ್ತು, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬೆಲೆ ಬರೆದು ನಿಲ್ಲಿಸಿ. ರಿಪೇರಿ ಆಮೇಲೆ ನೋಡಿಕೊಳ್ಳಬಹುದು. ಹತ್ತು ಚೀಟಿ ಹೆಚ್ಚುವರಿ ಇರಲಿ.

ಸಿಸ್ಟಮ್ಮಿನ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ. ಬೆಲೆ ಬದಲಿಸುವ ಅಧಿಕಾರ ಇಬ್ಬರಿಗೆ ಮಾತ್ರ ಸಾಕು.

ಖರ್ಚು ಮಾಡುವ ಮೊದಲು ಕೈಯಾಡಿಸಿ ನೋಡಬೇಕು ಅನ್ನುವವರಿಗೆ ಒಂದು ದಾರಿ ಇದೆ. ಓಪನ್ ಇ-ಪೇಪರ್ ಲಿಂಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಇಎಸ್‌ಪಿ32 ಎಂಬ ವೈಫೈ ಚಿಪ್ ಇರುವ ಒಂದು ಸಣ್ಣ ಬೋರ್ಡು, ಅದಕ್ಕೆ ಹೊಂದುವ ನಾಲ್ಕಾರು ಸೆಕೆಂಡ್ ಹ್ಯಾಂಡ್ ಚೀಟಿಗಳಿದ್ದರೆ ಮನೆಯಲ್ಲೇ ಸಣ್ಣದೊಂದು ವ್ಯವಸ್ಥೆ ಮಾಡಬಹುದು. ನಾನು ಎರಡು ವಾರ ಇದರಲ್ಲೇ ಆಡಿದೆ. ಒತ್ತಕ್ಷರದ ಪಾಠ ಪೂರ್ತಿ ತಲೆಗೆ ಹೋದದ್ದು ಅಲ್ಲೇ. ಅಂಗಡಿ ನಡೆಸಲು ಅದನ್ನೇ ನೆಚ್ಚಿಕೊಳ್ಳಿ ಎಂದು ಮಾತ್ರ ಹೇಳಲಾರೆ.

ಹೆಜ್ಜೆ 10: ಬ್ಯಾಟರಿ

ಕಂಪನಿಯವರು ಐದು ವರ್ಷ ಅನ್ನುತ್ತಾರೆ. ಅದು ದಿನಕ್ಕೆ ಒಂದೆರಡು ಸಲ ಬದಲಾದರೆ. ಸೊಪ್ಪಿನ ಸಾಲಿನಲ್ಲಿ ದಿನಕ್ಕೆ ಆರು ಸಲ ಬದಲಿಸಿದರೆ ಅಷ್ಟು ಬಾರದು. ಬ್ಯಾಟರಿ ಮಟ್ಟ ಸಾಫ್ಟ್‌ವೇರಿನಲ್ಲಿ ಕಾಣುತ್ತದೆ, ತಿಂಗಳಿಗೊಮ್ಮೆ ನೋಡಿದರೆ ಸಾಕು. ಹೆಚ್ಚಿನವಕ್ಕೆ ಬೇಕಾಗುವುದು ಸಿಆರ್ 2450 ಅನ್ನುವ ಬಿಲ್ಲೆ. ಕೊಳ್ಳುವಾಗಲೇ ಕೇಳಿಕೊಳ್ಳಿ: ಬ್ಯಾಟರಿ ನಾವೇ ಬದಲಾಯಿಸಬಹುದಾ, ಇಲ್ಲ ಚೀಟಿಯನ್ನೇ ಎಸೆಯಬೇಕಾ? ಎಸೆಯುವ ಮಾದರಿ ಆದರೆ ಬೇಡ ಅನ್ನಿ. ಸತ್ತ ಬಿಲ್ಲೆಗಳನ್ನು ಕಸದ ಗಾಡಿಗೆ ಹಾಕುವ ಹಾಗಿಲ್ಲ, 2022ರ ಬ್ಯಾಟರಿ ತ್ಯಾಜ್ಯ ನಿಯಮ ಇದೆ. ಒಂದು ಡಬ್ಬದಲ್ಲಿ ಕೂಡಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಆ ಡಬ್ಬಕ್ಕೆ ಗಟ್ಟಿ ಮುಚ್ಚಳ ಇರಲಿ, ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಇಡಿ. ಬಿಲ್ಲೆ ಬ್ಯಾಟರಿ ನುಂಗಿದರೆ ಒಂದೆರಡು ಗಂಟೆಯಲ್ಲೇ ಗಂಟಲು ಸುಡುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕು. ಕೆಳಗಿನ ಸಾಲಿನ ಚೀಟಿಗಳ ಹಿಂಬದಿಯ ಮುಚ್ಚಳಕ್ಕೆ ಸ್ಕ್ರೂ ಇದೆಯಾ ಎಂದೂ ನೋಡಿ. ನಮ್ಮಲ್ಲಿ ಎರಡಕ್ಕೆ ಇರಲಿಲ್ಲ. ಅವೆರಡನ್ನೂ ಮೇಲಿನ ಸಾಲಿಗೆ, ಹುರಿಗಡಲೆ ಮತ್ತು ಒಣಮೆಣಸಿನಕಾಯಿಗೆ ಹಾಕಿದ್ದೇವೆ.